ಅಭಿಮಾನಿ ಕುರುಡನಲ್ಲ

ಸಿನಿಮಾ ಬಿಡುಗಡೆಯ ದಿನ ಕಟೌಟಿನ ಮೇಲೆ ಹತ್ತಿ ಬಿಂದಿಗೆಗಟ್ಟಲೆ ಹಾಲು ಸುರಿಯುವವನನ್ನು, ತನ್ನ ಮೆಚ್ಚಿನ ನಟನ ಬಗ್ಗೆ ಯಾರೋ ಹಗುರವಾಗಿ ಮಾತಾಡಿದರೆಂದು ರಾತ್ರಿಯಿಡೀ ಮೊಬೈಲಿನಲ್ಲಿ ಅವರ ಮನೆಮಂದಿಯನ್ನೆಲ್ಲ ಬೈಯುತ್ತ ಕೂರುವವನನ್ನು ಏನೆಂದು ಕರೆಯಬೇಕೆಂಬ ಬಗ್ಗೆ ನಮ್ಮ ಪತ್ರಿಕೆಗಳಿಗೆ ಹೆಚ್ಚಿನ ಅನುಮಾನವೇನೂ ಇದ್ದಂತಿಲ್ಲ. ‘ಹುಚ್ಚು ಅಭಿಮಾನ’, ‘ಅತಿರೇಕದ ಅಭಿಮಾನ’, ‘ಅಂಧಾಭಿಮಾನ’ ಎಂಬ ತಲೆಬರಹಗಳು ಸದಾ ಸಿದ್ಧವಾಗಿಯೇ ಇರುತ್ತವೆ. ಬರೆಯುವವರ ಮನಸ್ಸು ಸ್ವಲ್ಪ ಮೆದುವಾಗಿದ್ದ ದಿನ ಅವನೇ ‘ಕಟ್ಟಾ ಅಭಿಮಾನಿ’ಯಾಗುತ್ತಾನೆ. ಈ ವಿಶೇಷಣಗಳ ಹಿಂದೆಲ್ಲ ಒಂದೇ ನಂಬಿಕೆ ಇದೆ. ಅಭಿಮಾನ ಮೂಲದಲ್ಲಿ ಸಾತ್ವಿಕವಾದದ್ದು, ಒಲೆಯ ಮೇಲೆ ಮರೆತ ಹಾಲಿನಂತೆ ಹೆಚ್ಚು ಕಾದಾಗ ಮಾತ್ರ ಉಕ್ಕುತ್ತದೆ, ಉಕ್ಕಿದಾಗ ಮನುಷ್ಯನಿಗೆ ಕಣ್ಣು ಕಾಣಿಸುವುದಿಲ್ಲ ಎಂಬುದು ಆ ನಂಬಿಕೆ. ಅದು ತಪ್ಪೆಂದು ನನ್ನ ವಾದ. ಅತಿರೇಕದ ಬೀಜ ಇರುವುದು ಪ್ರಮಾಣದಲ್ಲೂ ಅಲ್ಲ, ಕುರುಡುತನದಲ್ಲೂ ಅಲ್ಲ. ‘ಅಭಿಮಾನ’ವೆಂಬ ಪದದ ಒಳಗೇ ಅದು ಮೊದಲಿನಿಂದ ಇದೆ. ನಾವು ದಿನವೂ ಬಳಸಿ ಸವೆಸಿದ ಈ ಪದ, ನಾವು ಅದಕ್ಕೆ ಅಂಟಿಸುವ ವಿಶೇಷಣಗಳಿಗಿಂತ ಜಾಣ.

ಅಕ್ಕಪಕ್ಕದ ಭಾಷೆಗಳು ಇದೇ ಮನುಷ್ಯನಿಗೆ ಇಟ್ಟ ಹೆಸರುಗಳನ್ನು ನೋಡೋಣ. ಇಂಗ್ಲಿಷಿನ ‘ಫ್ಯಾನ್’ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ವರದಿಗಳಿಂದ ಹೊರಬಂದ ಮೊಟಕು ರೂಪ. ಅದರ ಅಜ್ಜ ‘ಫೆನಟಿಕ್’, ಮುತ್ತಜ್ಜ ಗುಡಿ ಎಂಬ ಅರ್ಥದ ಲ್ಯಾಟಿನ್ ಶಬ್ದ ‘ಫಾನುಮ್’. ಗುಡಿಯಲ್ಲಿ ದೇವರು ಮೈಮೇಲೆ ಬಂದು ಕೂಗಾಡುವವನು ‘ಫನಾಟಿಕುಸ್’. ರೋಮಿನಲ್ಲಿ ಬೆಲ್ಲೋನಾ ಎಂಬ ಯುದ್ಧದೇವತೆಯ ಪೂಜಾರಿಗಳು ಆವೇಶದಲ್ಲಿ ತಮ್ಮ ತೋಳನ್ನೇ ಕೊಯ್ದುಕೊಳ್ಳುತ್ತಿದ್ದರು. ಮೊದಲು ಆ ಹೆಸರು ಹೊತ್ತವರಲ್ಲಿ ಅವರೂ ಇದ್ದರು. ತಮಿಳರು ಈ ಮನುಷ್ಯನನ್ನು ‘ರಸಿಗರ್’ ಎಂದರು, ಅಂದರೆ ರಸಿಕ, ಸವಿಯುವವನು. ಮಲಯಾಳಿಗಳ ‘ಆರಾಧಕನ್’ ಪೂಜಿಸುವವನು. ಕನ್ನಡ ಮತ್ತು ತೆಲುಗು ಮಾತ್ರ ‘ಅಭಿಮಾನಿ’ಯನ್ನು ಆರಿಸಿಕೊಂಡವು. ಒಬ್ಬ ದೈವ ಹಿಡಿದವನು, ಒಬ್ಬ ಸವಿಯುವವನು, ಒಬ್ಬ ಪೂಜಿಸುವವನು. ಈ ಮೂರರಲ್ಲೂ ಎದುರಿಗೆ ಇನ್ನೊಬ್ಬನಿದ್ದಾನೆ: ದೈವವೋ, ಕಲಾವಿದನೋ, ಮೂರ್ತಿಯೋ. ನಮ್ಮ ಪದದಲ್ಲಿ ಆ ಇನ್ನೊಬ್ಬನೇ ಇಲ್ಲ.

ಇಲ್ಲ ಎನ್ನುವುದಕ್ಕೆ ಶಾಸ್ತ್ರದ ಆಧಾರ ಗಟ್ಟಿಯಾಗಿದೆ. ಅಭಿಮಾನದ ‘ಮಾನ’ ಅಳತೆಯ ಮಾನವಲ್ಲ. ಯೋಚಿಸು, ಎಣಿಸಿಕೊ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಅಮರಕೋಶ ಈ ಶಬ್ದವನ್ನು ಗರ್ವ, ಅಹಂಕಾರಗಳ ಸಾಲಿನಲ್ಲಿ ಕೂರಿಸುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಹಂಕಾರವೆಂದರೇನೆಂಬ ಪ್ರಶ್ನೆಗೆ ಅಭಿಮಾನವೇ ಅಹಂಕಾರ ಎಂದು ಉತ್ತರಿಸುತ್ತದೆ. ನಾನಲ್ಲದ್ದನ್ನು ನಾನು ಎಂದೂ, ನನ್ನದಲ್ಲದ್ದನ್ನು ನನ್ನದು ಎಂದೂ ಎಣಿಸುವ ಮನಸ್ಸಿನ ಕೆಲಸಕ್ಕೆ ಅಲ್ಲಿ ಆ ಹೆಸರು. ವೇದಾಂತಿಗಳ ‘ದೇಹಾಭಿಮಾನ’ ಬಂದದ್ದು ಇದೇ ದಾರಿಯಲ್ಲಿ. ಈ ದೇಹವೇ ನಾನು ಎಂದುಕೊಳ್ಳುವುದು ದೇಹಾಭಿಮಾನವೇ ಹೊರತು ದೇಹವನ್ನು ಮೆಚ್ಚುವುದಲ್ಲ. ಮಾಧ್ವ ಪರಂಪರೆಯ ‘ಅಭಿಮಾನಿ ದೇವತೆ’ ಇನ್ನೂ ಸ್ವಾರಸ್ಯದ ಪ್ರಯೋಗ. ಒಂದೊಂದು ತತ್ತ್ವಕ್ಕೂ ಒಬ್ಬೊಬ್ಬ ದೇವತೆ, ಪ್ರಾಣಕ್ಕೆ ವಾಯು. ಆ ದೇವತೆ ತನ್ನ ತತ್ತ್ವವನ್ನು ಹೊರಗೆ ನಿಂತು ಪ್ರೀತಿಸುವವನಲ್ಲ, ಅದನ್ನು ತನ್ನದಾಗಿಸಿಕೊಂಡು ಅದರೊಳಗೇ ನೆಲೆಸಿದವನು. ಎಲ್ಲ ಕಡೆಯೂ ಅಭಿಮಾನವೆಂದರೆ ‘ನಾನು’ ಎಂಬುದರ ಎಲ್ಲೆಯನ್ನು ಹಿಗ್ಗಿಸುವ ಕೆಲಸ.

ಕನ್ನಡ ಈ ಶಬ್ದವನ್ನು ಶಾಸ್ತ್ರದಿಂದ ಅಂಗಳಕ್ಕೆ ತಂದು ತನ್ನದೇ ತಿರುವು ಕೊಟ್ಟಿತು. ‘ಮೇಷ್ಟ್ರಿಗೆ ನನ್ನ ಮೇಲೆ ತುಂಬ ಅಭಿಮಾನ’ ಎಂದರೆ ಇಲ್ಲಿ ಗರ್ವದ ಸೋಂಕೂ ಇಲ್ಲ, ಅಕ್ಕರೆ ಮಾತ್ರ. ಆದರೆ ಎಂಥ ಅಕ್ಕರೆ? ದಾರಿಹೋಕನ ಮೇಲೆ ಕರುಣೆ ಬರುತ್ತದೆ, ಅಭಿಮಾನ ಬರುವುದಿಲ್ಲ. ಅಭಿಮಾನ ಬರುವುದು ನಮ್ಮ ಹುಡುಗ, ನಮ್ಮೂರಿನವನು, ನಮ್ಮ ಶಾಲೆಯಲ್ಲಿ ಓದಿದವನು ಎಂಬ ಎಳೆಯೊಂದು ಇದ್ದಾಗ. ಗರ್ವ ಅಕ್ಕರೆಯಾಗಿ ಬದಲಾಗುವಾಗ ನಡುವೆ ಸೇತುವೆಯಾದದ್ದು ‘ನಮ್ಮ’ ಎಂಬ ಪುಟ್ಟ ಮಾತು. ಭಾಷಾಭಿಮಾನ, ದೇಶಾಭಿಮಾನ, ಸ್ವಾಭಿಮಾನ, ಬೈಗುಳವಾದ ದುರಭಿಮಾನ, ರಾಜ್ಯೋತ್ಸವದ ಭಾಷಣಗಳಲ್ಲಿ ಮರಳಿ ಮರಳಿ ಕೇಳುವ ‘ನಿರಭಿಮಾನಿ ಕನ್ನಡಿಗ’ ಎಲ್ಲವೂ ಆ ಸೇತುವೆಯ ಮೇಲೇ ಓಡಾಡುತ್ತವೆ. ‘ಕಟ್ಟಾ’ ಸೇರಿದಾಗ ಬಿಗಿ ಹೆಚ್ಚುತ್ತದೆ. ಕಡು ಮತ್ತು ಆಳು ಕೂಡಿ ಆದ ‘ಕಟ್ಟಾಳು’ ಕನ್ನಡದ ಕಿವಿಗೆ ಬಹಳ ಹಳೆಯ ನಂಟು. ಹಾಗಾಗಿ ಕಟ್ಟಾ ಅಭಿಮಾನಿ ಎಂದೊಡನೆ ಬರಿಯ ಮೆಚ್ಚುಗೆ ಹಿಂದೆ ಸರಿದು ಕಾದಾಳಿನ ಚಹರೆ ಮುಂದೆ ಬರುತ್ತದೆ.

ಕಾದಾಳಿನ ಮಾತು ಬಂತು. ಒಬ್ಬರಿಗಾಗಿ ಜೀವ ಕೊಡುವ ನಿಷ್ಠೆಗೆ ಕನ್ನಡದಲ್ಲಿ ಪದಗಳ ಬರವೇನೂ ಇರಲಿಲ್ಲ. ಅವುಗಳ ಪಕ್ಕ ಇಟ್ಟು ನೋಡಿದಾಗಲೇ ಅಭಿಮಾನದ ವಿಶೇಷ ತಿಳಿಯುವುದು. ಶಾಸನಗಳಲ್ಲಿ, ಹಳೆಯ ಕಾವ್ಯಗಳಲ್ಲಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳಿವೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇವನ್ನು ಬಿಡಿಸಿ ತೋರಿಸಿದ್ದಾರೆ. ಜೋಳವಾಳಿ ಒಡೆಯನ ಅನ್ನ ಉಂಡ ಋಣ. ವೇಳೆವಾಳಿ ಆಣೆಯಿಟ್ಟು ಕಟ್ಟಿಕೊಂಡ ಬದ್ಧತೆ, ಒಡೆಯ ಸತ್ತರೆ ತಾನೂ ಸಾಯುವೆನೆಂಬ ಭಾಷೆ. ಲೆಂಕ ಅಂಥ ಬದ್ಧತೆಗೆ ಒಳಗಾದ ಆಳು. ತಮಿಳು ನಾಡಿನ ‘ವೇಳೈಕ್ಕಾರರ್’ ಪಡೆಗಳು ಇದೇ ಬಳಗಕ್ಕೆ ಸೇರಿದವು; ಶ್ರೀಲಂಕಾದ ಪೊಳೊನ್ನರುವದ ಒಂದು ತಮಿಳು ಶಾಸನದಲ್ಲಿ ಬುದ್ಧನ ದಂತಧಾತುವಿನ ಗುಡಿಯನ್ನು ಕಾಯುವ ಹೊಣೆಯನ್ನು ಇಂಥ ಪಡೆ ಹೊತ್ತುಕೊಂಡದ್ದು ದಾಖಲಾಗಿದೆ. ಒಡೆಯನ ಶವದ ಕೆಳಗೆ ತಾನೂ ಮಣ್ಣಾಗುವ ‘ಕೀಳ್ಗುಂಟೆ’ ಗಂಗರ ಕಾಲದ ಶಾಸನಗಳಲ್ಲೇ ಕಾಣುತ್ತದೆ. ಬಗ್ಗಿಸಿದ ಬಿದಿರಿನ ಗಳಕ್ಕೆ ಜುಟ್ಟು ಕಟ್ಟಿ, ಕತ್ತರಿಸಿದ ತಲೆ ಮೇಲಕ್ಕೆ ಚಿಮ್ಮುವಂತೆ ಮಾಡುವ ‘ಸಿಡಿತಲೆ’ ಕಲ್ಲುಗಳಲ್ಲಿ ಚಿತ್ರವಾಗಿ ಉಳಿದಿದೆ.

ಇವೆಲ್ಲದರ ತುತ್ತತುದಿ ಹೊಯ್ಸಳರ ‘ಗರುಡ’. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯ ಬಳಿ ನಿಂತಿರುವ ಗರುಡಗಂಬ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನದು. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ವಿಷ್ಣುವಿಗೆ ಗರುಡ ಹೇಗೋ ತನ್ನ ಅರಸನಿಗೆ ತಾನು ಹಾಗೆ ಎಂದು ವ್ರತ ಹಿಡಿದು, ಎಡಗಾಲಿಗೆ ತೊಡರು ತೊಟ್ಟಿದ್ದ ಲಕ್ಷ್ಮ ಅರಸನ ಬೆನ್ನಿಗೇ ಪ್ರಾಣ ಕೊಟ್ಟ. ಹೆಂಡತಿ ಸುಗ್ಗಲದೇವಿ ಜೊತೆಗೂಡಿದಳು, ಅವನ ವೀರರೂ ಹೋದರು. ಕತ್ತಿ ಹಿಡಿದು ತಮ್ಮ ಅಂಗಗಳನ್ನೂ ತಲೆಯನ್ನೂ ತಾವೇ ಕತ್ತರಿಸಿಕೊಳ್ಳುತ್ತಿರುವ ಆಳುಗಳನ್ನು ಶಿಲ್ಪಿ ಕಂಬದ ಸುತ್ತ ಕಡೆದಿದ್ದಾನೆ. ಶಾಸನದ ಪಾಠ ನಡುವಿನಲ್ಲೇ ನಿಂತುಹೋಗಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ಹೇಳುವುದು ಒಬ್ಬನ ಕಥೆಯನ್ನಲ್ಲ, ಒಂದು ಮನೆತನದ ಕಥೆಯನ್ನು. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಗರುಡರಾಗಿ ಸತ್ತವರಿದ್ದಾರೆ, ಅವರೊಡನೆ ಹೆಂಡತಿಯರು, ಲೆಂಕರು. ಇದನ್ನೆಲ್ಲ ತ್ಯಾಗವೆಂದು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಗಂಡ ಇಟ್ಟ ಆಣೆಗೆ ಹೆಂಡತಿಯೂ ಆಳುಗಳೂ ಎಷ್ಟು ಮನಸ್ಸಿನಿಂದ ಕತ್ತು ಕೊಟ್ಟರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಆದರೂ ಅತಿರೇಕದ ನಿಷ್ಠೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. ಮತ್ತು ಇಲ್ಲಿ ಎಲ್ಲಿಯೂ ಕುರುಡುತನವಿಲ್ಲ. ಯಾರಿಗಾಗಿ, ಯಾಕಾಗಿ, ಯಾವಾಗ ಎಂಬ ಮೂರೂ ಮೊದಲೇ ಗೊತ್ತು. ಒಡೆಯನಿಗೆ ತನ್ನ ಗರುಡ ಯಾರೆಂದು ಗೊತ್ತು. ಅವನಿಗೆ ಉಂಬಳಿ, ಪದವಿ, ಪಕ್ಕದಲ್ಲಿ ನಿಲ್ಲುವ ಮರ್ಯಾದೆ ಸಿಕ್ಕಿವೆ. ಕೊಡುವುದಕ್ಕೂ ಪಡೆಯುವುದಕ್ಕೂ ಲೆಕ್ಕವಿದೆ, ಲೆಕ್ಕ ಚುಕ್ತಾ ಆಗುವ ದಿನವೂ ಇದೆ. ಇಂದಿನ ಅಭಿಮಾನಿಗೆ ಇದ್ಯಾವುದೂ ಇಲ್ಲ. ಅವನು ಯಾರ ಅನ್ನವನ್ನೂ ಉಂಡಿಲ್ಲ, ಬದಲಿಗೆ ಟಿಕೆಟ್ ಕೊಂಡು ಇನ್ನೊಬ್ಬರ ಅನ್ನಕ್ಕೆ ದಾರಿ ಮಾಡಿದ್ದಾನೆ. ಆಣೆ ಇಟ್ಟಿಲ್ಲ. ಅವನ ಹೆಸರು ಆ ನಟನಿಗೆ ತಿಳಿಯದು. ಹೀಗಿದ್ದೂ ನಟನಿಗೆ ಬಿದ್ದ ಮಾತು ತನಗೇ ಬಿದ್ದಂತೆ ಅವನು ಉರಿದೇಳುತ್ತಾನೆ. ಋಣವಿಲ್ಲದ, ಕರಾರಿಲ್ಲದ ಈ ಉರಿಗೆ ವೇಳೆವಾಳಿಯ ಶಬ್ದಕೋಶದಲ್ಲಿ ಹೆಸರಿಲ್ಲ. ಸಾಂಖ್ಯರ ಶಬ್ದಕೋಶದಲ್ಲಿದೆ.

ಭಕ್ತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು, ಏಕೆಂದರೆ ಉಗ್ರತೆ ಅಲ್ಲಿಯೂ ಉಂಟು. ಷಟ್‌ಸ್ಥಲದಲ್ಲಿ ಎರಡನೆಯದಾದ ಮಾಹೇಶ್ವರ ಸ್ಥಲಕ್ಕೆ ಹೇಳಿದ ಭಕ್ತಿ ನಿಷ್ಠಾಭಕ್ತಿ. ಅದಕ್ಕೆ ಮುಂದೆ ಇನ್ನೂ ನಾಲ್ಕು ಮೆಟ್ಟಿಲುಗಳಿವೆ ಎಂಬುದನ್ನು ಗಮನಿಸಬೇಕು. ಛಲ ತೊಟ್ಟು ನಿಲ್ಲುವುದೇ ಕೊನೆಯೆಂದು ಶರಣರು ಹೇಳಲಿಲ್ಲ. ಆ ಛಲದ ಪ್ರಸಿದ್ಧ ಕಥೆ ಏಕಾಂತದ ರಾಮಯ್ಯನದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಅದನ್ನು ಹೇಳುತ್ತದೆ, ಅಲ್ಲಿನ ಗುಡಿಯ ಶಿಲ್ಪಗಳು ತೋರಿಸುತ್ತವೆ, ಹರಿಹರ ರಗಳೆ ಬರೆದಿದ್ದಾನೆ. ಜೈನರೊಡನೆ ಪಣ ಕಟ್ಟಿ ರಾಮಯ್ಯ ತನ್ನ ತಲೆಯನ್ನು ತಾನೇ ಕಡಿದುಕೊಂಡ, ಏಳನೆಯ ದಿನ ಶಿವ ಅದನ್ನು ಮರಳಿ ಕೊಟ್ಟ ಎನ್ನುತ್ತದೆ ಶಾಸನ. ಕಥೆ ಅಲ್ಲಿಗೆ ಮುಗಿದಿದ್ದರೆ ಅದು ಬರಿಯ ಭಕ್ತಿಯ ಕಥೆಯಾಗಿರುತ್ತಿತ್ತು. ಸೋತವರು ಪಣದಂತೆ ನಡೆಯದಾಗ ರಾಮಯ್ಯ ಜಿನಬಿಂಬವನ್ನು ಒಡೆದ, ದೂರು ಬಿಜ್ಜಳನವರೆಗೆ ಹೋಯಿತು, ಕೊನೆಗೆ ರಾಮಯ್ಯನಿಗೇ ಜಯಪತ್ರ ಸಿಕ್ಕಿತು. ಒಬ್ಬನೇ ಮನುಷ್ಯನಲ್ಲಿ ಎರಡು ಕೆಲಸ ನಡೆದಿದೆ. ತಲೆ ಕೊಟ್ಟದ್ದು ಶಿವನಿಗೆ. ಅದು ಭಕ್ತಿಯ ಕೆಲಸ. ಬಿಂಬ ಒಡೆದದ್ದು ‘ನಮ್ಮ’ ಪಂಥದ ಗೆಲುವಿಗೆ. ಅದನ್ನು ನಾನು ಮತಾಭಿಮಾನದ ಕೆಲಸವೆನ್ನುತ್ತೇನೆ. ಮೊದಲನೆಯದು ಇನ್ನೂ ಹೆಚ್ಚಿದ್ದರೆ ಎರಡನೆಯದಾಗಿ ಮಾರ್ಪಡುತ್ತಿತ್ತು ಎನ್ನಲಾಗದು, ಏಕೆಂದರೆ ಸ್ವಂತ ತಲೆಗಿಂತ ಹೆಚ್ಚಿನದು ಏನಿದೆ? ಅವು ಬೇರೆ ಬೇರೆ ಕಡೆಯಿಂದ ಬಂದ ಎರಡು ಪ್ರೇರಣೆಗಳು.

ಇದೇ ಕಣ್ಣಿನಿಂದ ರಾಜ್‌ಕುಮಾರ್ ಅವರ ಸುತ್ತಲಿನ ಅರ್ಧ ಶತಮಾನವನ್ನು ನೋಡಬಹುದು. 1954ರಲ್ಲಿ ಅವರು ನಾಯಕರಾಗಿ ಬಂದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’. ತನ್ನ ಕಣ್ಣು ಕಿತ್ತು ಲಿಂಗಕ್ಕಿಟ್ಟ ಬೇಡನ ಕಥೆ, ಭಕ್ತಿಯ ಅತಿರೇಕಕ್ಕೆ ದಕ್ಷಿಣ ಭಾರತದಲ್ಲಿ ಎಲ್ಲರೂ ಕೊಡುವ ದೃಷ್ಟಾಂತ. ತೆರೆಯ ಮೇಲೆ ಭಕ್ತನಾಗಿ ಬಂದ ಆ ನಟ ತೆರೆಯ ಹೊರಗೆ ಪಡೆದದ್ದು ಭಕ್ತರನ್ನಲ್ಲ, ಅಭಿಮಾನಿಗಳನ್ನು. ಅವರ ಅಭಿಮಾನಿ ಸಂಘಟನೆ ಬಲಗೊಂಡದ್ದು ಹಾಲು, ಹಾರಗಳಿಂದ ಮಾತ್ರವಲ್ಲ. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ಗೋಕಾಕ್ ವರದಿಯ ಜಾರಿಗೆ ಚಳವಳಿ ನಡೆದಾಗ ರಾಜ್‌ಕುಮಾರ್ ಬೀದಿಗಿಳಿದರು, ಸಾಹಿತಿಗಳು ಹೂಡಿದ ಹೋರಾಟ ಊರೂರಿನ ಹೋರಾಟವಾಯಿತು. ಆಮೇಲೆ ಭಾಷೆಯ ಅಭಿಮಾನ ಯಾವುದು, ನಟನ ಅಭಿಮಾನ ಯಾವುದು ಎಂದು ಬೇರ್ಪಡಿಸಲು ಯಾರಿಗೂ ಆಗಲಿಲ್ಲ. ಅವರನ್ನು ಅಂದರೆ ಕನ್ನಡವನ್ನು ಅಂದಂತೆ, ಕನ್ನಡವನ್ನು ಅಂದರೆ ನನ್ನನ್ನು ಅಂದಂತೆ. 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ಅವರನ್ನು ಹೊತ್ತೊಯ್ದಾಗ 108 ದಿನ ರಾಜ್ಯ ತುದಿಗಾಲ ಮೇಲೆ ನಿಂತದ್ದು ಈ ಸಮೀಕರಣದಿಂದ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಗೋಲಿಬಾರ್ ನಡೆಯಿತು, ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಹಲವರು ಸತ್ತರು. ದೇವರನ್ನು ಕಳೆದುಕೊಂಡ ಭಕ್ತ ಅಳುತ್ತಾನೆ, ಹೆಚ್ಚೆಂದರೆ ತನ್ನನ್ನೇ ದಂಡಿಸಿಕೊಳ್ಳುತ್ತಾನೆ. ಆ ಎರಡು ದಿನಗಳಲ್ಲಿ ಕಂಡದ್ದು ಅಳುವಿಗಿಂತ ಹೆಚ್ಚಾಗಿ, ಕೊನೆಯ ದರ್ಶನ ನಮ್ಮ ಹಕ್ಕು, ಅದನ್ನು ನಮಗೆ ತಪ್ಪಿಸಿದರು ಎಂಬ ಸಿಟ್ಟು.

ಇಲ್ಲಿ ಯಾರಾದರೂ ಕೇಳಬಹುದು: ಹಾಲಿನ ಅಭಿಷೇಕ, ಆರತಿ, ಹಚ್ಚೆ, ಮುಡಿ ಕೊಡುವುದು ಇವೆಲ್ಲ ಭಕ್ತಿಯ ಆಚರಣೆಗಳೇ ಅಲ್ಲವೆ? ರಾಜ್‌ಕುಮಾರ್ ಅವರೇ ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿರಲಿಲ್ಲವೆ? ಆಚರಣೆ ಗುಡಿಯಿಂದ ಎರವಲು ತಂದದ್ದೆಂಬುದು ನಿಜ. ಆದರೆ ಎರವಲು ತಂದ ವೇಷದಿಂದ ಒಳಗಿನವನನ್ನು ಅಳೆಯಬಾರದು. ದಕ್ಷಿಣದ ತಾರೆಯರು ಮತ್ತು ರಾಜಕೀಯದ ಬಗ್ಗೆ ಎಂ. ಮಾಧವ ಪ್ರಸಾದ್ ಬರೆದ ‘ಸಿನೆ-ಪಾಲಿಟಿಕ್ಸ್’ 2014ರಲ್ಲಿ ಬಂತು. ಎಂ.ಜಿ.ಆರ್., ಎನ್.ಟಿ.ಆರ್., ರಾಜ್‌ಕುಮಾರ್ ಮೂವರನ್ನೂ ಭಾಷಾ ಸಮುದಾಯಗಳ ರಾಜಕೀಯ ಹಂಬಲದ ಬೆಳಕಿನಲ್ಲಿ ಓದುವ ಅವರು ಇದನ್ನು ಬರಿಯ ಧಾರ್ಮಿಕ ಭಕ್ತಿಯೆಂದು ಬದಿಗಿಡಲು ಒಪ್ಪುವುದಿಲ್ಲ. ನನ್ನದು ಇನ್ನೂ ಸರಳವಾದ ಪುರಾವೆ. ಭಕ್ತ ದೇವರ ಮಾತು ಕೇಳುತ್ತಾನೆ, ಅಭಿಮಾನಿ ಕೇಳುವುದಿಲ್ಲ. 2024ರ ಜನವರಿ 8, ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಅವರ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತರು. ಯಶ್ ಆ ಊರಿಗೆ ಹೋಗಿ, ಇಂಥ ಅಭಿಮಾನ ಬೇಡ, ಬ್ಯಾನರ್ ಕಟ್ಟಬೇಡಿ ಎಂದು ಕೇಳಿಕೊಂಡರು. ಅದಕ್ಕೆ ಮೊದಲೂ ಆಮೇಲೂ ಹಾಗೆ ಕೈಮುಗಿದ ನಟರು ಅನೇಕರು. ಕಟೌಟುಗಳು ಏಳುತ್ತಲೇ ಇವೆ, ಯಾವ ಬಳಗದ್ದು ಎತ್ತರ ಎಂಬ ಪೈಪೋಟಿಯೂ ನಡೆದೇ ಇದೆ. ಕಟೌಟಿನ ಮೂಲೆಯಲ್ಲಿ ಸಾಲಾಗಿ ಅಂಟಿಸಿದ ಪಾಸ್‌ಪೋರ್ಟ್ ಗಾತ್ರದ ಮುಖಗಳನ್ನು, ಕೆಳಗೆ ದಪ್ಪಕ್ಷರದಲ್ಲಿ ಬರೆದ ಸಂಘದ, ಬಡಾವಣೆಯ ಹೆಸರನ್ನು ನೋಡಿದರೆ ಅಭಿಷೇಕ ಯಾರಿಗೆ ನಡೆಯುತ್ತಿದೆಯೆಂದು ಹೇಳಬೇಕಾಗಿಲ್ಲ. ‘ಅಭಿಮಾನಿ ದೇವರು’ ಎಂಬ ಮಾತಿನಲ್ಲಿ ರಾಜ್‌ಕುಮಾರ್ ತೋರಿದ್ದು ವಿನಯ. ಆದರೆ ದೇವರ ಜಾಗದಲ್ಲಿ ಕೂತವನು ಅಭಿಮಾನಿಯೇ ಎಂಬ ಸತ್ಯವೂ ಅದರಲ್ಲಿ ಹೊರಬಿದ್ದಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೆಸರು ಏನಾದರೇನು, ವರ್ತನೆ ಒಂದೇ ಅಲ್ಲವೆ? 1987ರ ಡಿಸೆಂಬರಿನಲ್ಲಿ ಎಂ.ಜಿ.ಆರ್. ಸತ್ತಾಗ ಜೀವ ಕಳೆದುಕೊಂಡವರು ‘ರಸಿಕ’ರೆಂಬ ಹೆಸರಿನವರು. ತಿರುಚ್ಚಿರಾಪಳ್ಳಿಯಲ್ಲಿ ನಟಿಯೊಬ್ಬರಿಗೆ ಗುಡಿ ಕಟ್ಟಿದವರೂ ರಸಿಕರೇ, ಆರಾಧಕರಲ್ಲ. ಪದ ವರ್ತನೆಯನ್ನು ಹುಟ್ಟಿಸುತ್ತದೆಂದು ನಾನು ವಾದಿಸಿದ್ದರೆ ಈ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ. ನನ್ನ ವಾದ ಅಷ್ಟು ದೊಡ್ಡದಲ್ಲ. ರೋಗ ನೆರೆಹೊರೆಯಲ್ಲೆಲ್ಲ ಒಂದೇ ಇರಬಹುದು. ಅದರ ನಾಡಿ ಸರಿಯಾಗಿ ಹಿಡಿದದ್ದು ಯಾವ ಹೆಸರು ಎಂಬುದಷ್ಟೇ ಪ್ರಶ್ನೆ. ತೆಲುಗು ನಾಡಿನ ಇತಿಹಾಸ ಇದಕ್ಕೆ ಸಾಕ್ಷಿ ಹೇಳುತ್ತದೆ. 1982ರ ಮಾರ್ಚಿನಲ್ಲಿ ಎನ್.ಟಿ. ರಾಮರಾವ್ ತೆಲುಗು ದೇಶಂ ಕಟ್ಟಿದಾಗ ಕೃಷ್ಣನಾಗಿ, ರಾಮನಾಗಿ ತೆರೆಯ ಮೇಲೆ ಮೆರೆದ ಆ ನಟ ಜನರ ಮುಂದಿಟ್ಟ ಮಾತು ದೈವದ್ದಲ್ಲ, ತೆಲುಗರ ‘ಆತ್ಮಗೌರವ’ದ್ದು. ದೆಹಲಿಯವರು ನಮ್ಮನ್ನು ಕಡೆಗಣಿಸಿದರು ಎಂಬ ನೋವು ಅದರ ಇಂಧನ. ಒಂಬತ್ತೇ ತಿಂಗಳಲ್ಲಿ ಅವರು ಮುಖ್ಯಮಂತ್ರಿಯಾದರು. ಭಕ್ತರ ಬಲದಿಂದ ಗೆದ್ದರು ಎನ್ನುವವರು ಆ ಆತ್ಮಗೌರವದ ಮಾತನ್ನು ಮರೆಯುತ್ತಾರೆ. ಅಭಿಮಾನಿಗೆ ಅಭಿಮಾನವನ್ನೇ ಮರಳಿ ಕೊಟ್ಟದ್ದು ಅದು.

ಹಾಗಾದರೆ ಅಭಿಮಾನವೆಂಬುದೆಲ್ಲ ಅಹಂಕಾರ, ಬಿಟ್ಟುಬಿಡಬೇಕಾದ ಮೈಲಿಗೆ ಎಂದಾಯಿತೇ? ಸನ್ಯಾಸಿಗಳು ಹಾಗೆ ಹೇಳಿಯಾರು. ನಾನು ಹೇಳಲಾರೆ. ‘ನಾನು’ ಹಿಗ್ಗುವುದರಲ್ಲಿ ಕೆಡುಕೇ ಇರಬೇಕೆಂದೇನಿಲ್ಲ. ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನು ದಾನ ಮಾಡಿ ಹೋದರು. ಅವರ ಹೆಸರಿನ ನೇತ್ರ ಬ್ಯಾಂಕ್ ಬೆಂಗಳೂರಿನಲ್ಲಿ 1994ರಿಂದ ಇದೆ. 2021ರ ಅಕ್ಟೋಬರ್ 29ರಂದು ಅಭಿಮಾನಿಗಳು ‘ಅಪ್ಪು’ ಎಂದು ಕರೆಯುತ್ತಿದ್ದ ಮಗ ಪುನೀತ್ ಹಠಾತ್ತನೆ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ಮುಂದಿನ ವಾರಗಳಲ್ಲಿ ರಾಜ್ಯದ ಮೂಲೆಮೂಲೆಯಿಂದ ಜನ ನೇತ್ರದಾನಕ್ಕೆ ಹೆಸರು ಬರೆಸಲು ಸಾಲು ನಿಂತರು. ಆರೋಗ್ಯ ಇಲಾಖೆಯ ಪೋಸ್ಟರುಗಳು ವರ್ಷಗಟ್ಟಲೆ ಹೇಳಿ ಒಪ್ಪಿಸಲಾಗದ್ದನ್ನು ‘ಅಪ್ಪು ಮಾಡಿದರು, ನಾನೂ ಮಾಡುತ್ತೇನೆ’ ಎಂಬ ಒಂದು ಎಣಿಕೆ ಒಪ್ಪಿಸಿತು. ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಗಟ್ಟಲೆ ಜನ ಸೇರಿದರೂ 2006 ಮರುಕಳಿಸಲಿಲ್ಲ. ದರ್ಶನಕ್ಕೆ ಈ ಸಲ ಸರಿಯಾದ ವ್ಯವಸ್ಥೆ ಇತ್ತೆಂಬುದು ಒಂದು ಕಾರಣ. ಸತ್ತವನ ಸೌಮ್ಯ ಸ್ವಭಾವವೇ ತಮ್ಮದೂ ಎಂದು ಬಂದವರು ಎಣಿಸಿಕೊಂಡದ್ದು ಇನ್ನೊಂದು ಕಾರಣ ಇದ್ದೀತು. ಎರಡು ಸಾವುಗಳಲ್ಲೂ ಅಭಿಮಾನದ ಪ್ರಮಾಣ ಕಡಿಮೆಯೇನೂ ಇರಲಿಲ್ಲ. ತನ್ನದಾಗಿಸಿಕೊಂಡದ್ದು ಏನನ್ನು, ಹಕ್ಕನ್ನೋ ನಡತೆಯನ್ನೋ, ಎಂಬುದರಲ್ಲಿ ವ್ಯತ್ಯಾಸವಿತ್ತು. ‘ಅತಿ ಅಭಿಮಾನ’ ಎಂದು ಬರೆಯುವ ಪತ್ರಕರ್ತ ತಪ್ಪುವುದು ಇಲ್ಲೇ.

ಆ ತಪ್ಪಿನಿಂದ ಬೇರೆಯವರಿಗೆ ಲಾಭವೂ ಉಂಟು. ಐ.ಪಿ.ಎಲ್. ಶುರುವಾದ 2008ರಿಂದ ಸೋತು ಸೋತು ಬಂದ ಬೆಂಗಳೂರಿನ ತಂಡದ ಹಿಂದೆ ನಿಂತವರ ಘೋಷಣೆ ‘ಈ ಸಲ ಕಪ್ ನಮ್ದೇ’. ಆಡಿದವರಲ್ಲಿ ಕನ್ನಡಿಗರು ಬೆರಳೆಣಿಕೆ, ತಂಡ ಒಂದು ಕಂಪನಿಯ ಸ್ವತ್ತು. ಆದರೂ ಕಪ್ ‘ಅವರದು’ ಎಂದು ಯಾರೂ ಕೂಗಲಿಲ್ಲ. ಅಭಿಮಾನದ ವ್ಯಾಕರಣಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಕಿಲ್ಲ. 2024ರಲ್ಲಿ ಮಹಿಳಾ ತಂಡ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ‘ನಮ್ದೇ’ಯನ್ನು ‘ನಮ್ದು’ ಎಂದು ತಿದ್ದಿ ಹೇಳಿದ್ದು ಕನ್ನಡೇತರರೊಬ್ಬರಿಗೆ ಒಲಿದ ಒಳ್ಳೆಯ ಭಾಷಾಪ್ರಜ್ಞೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರೂ ಗೆದ್ದರು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಅಂದು ಸಂಜೆಯಿಂದಲೇ ‘ಅಭಿಮಾನದ ಅತಿರೇಕ’ ಎಂಬ ಮಾತು ಓಡಾಡತೊಡಗಿತು. ಗೆಲುವು ನಮ್ಮದು ಎಂದು ನಂಬಿದವರು ಸಂಭ್ರಮಕ್ಕೆ ಬರುತ್ತಾರೆಂದು ಊಹಿಸಲು ಜ್ಯೋತಿಷ್ಯ ಬೇಕಿರಲಿಲ್ಲ. ಎಷ್ಟು ಜನ ಬಂದಾರು, ಯಾವ ಬಾಗಿಲು ಯಾವಾಗ ತೆರೆದೀತು, ಪೊಲೀಸರಿಗೆ ಎಷ್ಟು ಹೊತ್ತು ಸಿಕ್ಕೀತು ಎಂಬ ಲೆಕ್ಕ ಹಾಕಬೇಕಾದವರು ಹಾಕದೆ ಹೋದ ತಪ್ಪನ್ನು ಆ ಒಂದು ಮಾತು ಸತ್ತವರ ತಲೆಗೆ ಕಟ್ಟಿತು. ಹುಚ್ಚರು ಸತ್ತರೆ ಹೊಣೆ ಹುಚ್ಚಿನದು, ಬಾಗಿಲು ಕಾದವರದಲ್ಲ.

‘ಅಂಧ’ ಎಂಬ ವಿಶೇಷಣದ ತೊಂದರೆ ಇದೇ ಜಾತಿಯದು. ನಿಜವಾದ ಅಭಿಮಾನಿಯೊಡನೆ ವಾದಿಸಿದವರಿಗೆ ಗೊತ್ತು, ಅವನಷ್ಟು ಕಣ್ಣಿಟ್ಟು ನೋಡುವವರು ಇಲ್ಲ. ಮೊದಲ ದಿನದ ಗಳಿಕೆ ಎಷ್ಟು, ಎದುರಾಳಿ ನಟನ ಚಿತ್ರ ಯಾವ ಊರಿನಲ್ಲಿ ಎಷ್ಟನೇ ದಿನ ಎತ್ತಂಗಡಿಯಾಯಿತು, ಯಾವ ವಿಮರ್ಶಕ ಯಾವ ವರ್ಷ ಏನು ಬರೆದಿದ್ದ ಎಲ್ಲ ಅವನಿಗೆ ಬಾಯಿಪಾಠ. ಅವನಿಗೆ ಕಾಣದಿರುವುದಲ್ಲ, ಕಂಡದ್ದೆಲ್ಲ ಮಾನ ಅಪಮಾನಗಳ ಲೆಕ್ಕವಾಗಿ ಮಾತ್ರ ಕಾಣುತ್ತದೆ. ಹಾಗಾಗಿ ಅವನ ಮುಂದೆ ಹೊಸ ಪುರಾವೆ ಇಟ್ಟು ಕಣ್ಣು ತೆರೆಸಹೊರಟವರು ಸೋಲುತ್ತಾರೆ. ಅವನ ಮಟ್ಟಿಗೆ ಆ ಪುರಾವೆ ಹೊಸ ಸಂಗತಿಯಲ್ಲ, ಹೊಸ ಅವಮಾನ. ರಾಜಕೀಯದ ಜಗಳಗಳಲ್ಲಿ ಈಚಿನ ವರ್ಷಗಳಲ್ಲಿ ಚಾಲ್ತಿಗೆ ಬಂದ ‘ಅಂಧಭಕ್ತ’ ಎಂಬ ಬೈಗುಳವೂ, ಅದಕ್ಕೆ ಎದುರಾಗಿ ಇನ್ನೊಂದು ಕಡೆಯವರು ಎಸೆಯುವ ‘ಗುಲಾಮ’ ಎಂಬ ಬೈಗುಳವೂ ಇದೇ ತಪ್ಪಿನ ಎರಡು ಮುಖಗಳು. ಒಂದು ಅವನನ್ನು ಗುಡಿಗೆ ಕಳಿಸುತ್ತದೆ, ಇನ್ನೊಂದು ದೊಡ್ಡಿಗೆ. ಎರಡೂ ಅವನು ಇನ್ನೊಬ್ಬನ ಮುಂದೆ ಬಗ್ಗಿದ್ದಾನೆಂದು ಹೇಳುತ್ತವೆ. ಅವನು ಬಗ್ಗಿಲ್ಲ. ನಾಯಕನ ಎತ್ತರವನ್ನು ತನ್ನ ಎತ್ತರಕ್ಕೆ ಸೇರಿಸಿಕೊಂಡು ಬೀಗಿದ್ದಾನೆ. ಅದಕ್ಕೇ ‘ಭಕ್ತ’ ಎಂದು ಹಂಗಿಸಿದರೆ ಅವನಿಗೆ ನಾಚಿಕೆಯಾಗುವುದಿಲ್ಲ. ಹೌದು, ಭಕ್ತನೇ ಎಂದು ಆ ಪದವನ್ನೇ ಬಿರುದಾಗಿ ತೊಟ್ಟುಕೊಳ್ಳುತ್ತಾನೆ. ಈ ಎಳೆದಾಟದಲ್ಲಿ ಪೆಟ್ಟು ತಿಂದದ್ದು ಮಾತ್ರ ಭಕ್ತಿ ಎಂಬ ಶಬ್ದ. ಅಲ್ಲಮ, ಅಕ್ಕ, ಕನಕದಾಸರಂಥವರು ‘ನಾನು’ ಎಂಬುದನ್ನು ಕರಗಿಸುವುದಕ್ಕೆ ಬಳಸಿದ ಮಾತು ಈಗ ಅದನ್ನು ಉಬ್ಬಿಸುವವರ ಹೆಸರಾಗಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಪಕ್ಷದ ಬೆಂಬಲಿಗರನ್ನು ಅಭಿಮಾನಿಗಳು ಎಂದೇ ಬರೆಯುವ ಹಳೆಯ ವಾಡಿಕೆ ನಮ್ಮ ಜಿಲ್ಲಾ ವರದಿಗಾರರಲ್ಲಿ ಇನ್ನೂ ಉಳಿದಿದೆ. ಡೆಸ್ಕಿನಲ್ಲಿ ಕೂತವರು ಅದನ್ನು ಹಳೇ ಕಾಲದ ಪ್ರಯೋಗವೆಂದು ತಿದ್ದದೆ ಹಾಗೇ ಬಿಡಬಹುದು.